ಹಿತ್ತಲ ಹಕ್ಕಿಗೆ ಹಿಡಿ ಕಾಳು

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಎರಡನೆಯ ದಿನ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಗಳು ಮನೆಗೆ ಬಂದು, "ಮೇಷ್ಟ್ರೇ, ಬೆಳ್ಳಿಹಬ್ಬಕ್ಕೆ ನೀವೂ ಅರ್ಧ ಗಂಟೆ ಮಾತಾಡ್ಬೇಕು" ಅಂದಾಗ ನಾನು ಹಿಂದೆಮುಂದೆ ನೋಡಿದೆ. ಹಾಲಿನ ಗುಣಮಟ್ಟ, ಕೊಬ್ಬಿನಂಶ, ಪಶು ಆಹಾರ ಇವುಗಳ ಬಗ್ಗೆ ಮಾತನಾಡಲು ನನಗಿಂತ ತಿಳಿದವರು ಇದೇ ವೇದಿಕೆಯಲ್ಲಿದ್ದಾರೆ. "ನನಗೆ ಗೊತ್ತಿರೋದು ಎರಡೇ. ಮಕ್ಕಳಿಗೆ ಮಗ್ಗಿ ಹೇಳಿಕೊಡೋದು, ಹಿತ್ತಲಲ್ಲಿ ಹಕ್ಕಿಗೆ ಕಾಳು ಹಾಕೋದು" ಅಂದೆ. ಅವರು ನಗುತ್ತಾ "ಹಾಗಾದ್ರೆ ಎರಡನೇದನ್ನೇ ಹೇಳಿ" ಅಂದರು. ಅದಕ್ಕೇ ಇವತ್ತು ಹಕ್ಕಿಗಳ ವಿಚಾರ.

ಹಾಲಿನ ಸಂಘಕ್ಕೂ ಹಕ್ಕಿಗೂ ಏನು ಸಂಬಂಧ ಅಂತ ಕೆಲವರಿಗೆ ಅನಿಸಬಹುದು. ಸಂಬಂಧ ಇದೆ, ಕೊನೆಗೆ ಹೇಳ್ತೀನಿ. ಸದ್ಯಕ್ಕೆ ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ನಾವು ತಿಳಿದು ತಿಳಿದು ಹಕ್ಕಿಗೆ ಹಾಕುವುದು ದಿನಕ್ಕೆ ಒಂದು ಹಿಡಿ ಕಾಳು. ಆದರೆ ತಿಳಿಯದೆ ನಾವು ಹಕ್ಕಿಗೆ ಉಣಿಸುತ್ತಿರುವುದು ಅದಕ್ಕಿಂತ ಎಷ್ಟೋ ಹೆಚ್ಚು. ಅದರಲ್ಲಿ ಅನ್ನವೂ ಇದೆ, ವಿಷವೂ ಇದೆ.

ಹಕ್ಕಿಗೆ ಉಣಿಸುವುದು ನಮಗೆ ಹೊಸದೇನೂ ಅಲ್ಲ. ಕಣದಲ್ಲಿ ರಾಗಿ ತೂರುವಾಗ ಹಕ್ಕಿ ಬಂದು ಆಯ್ದು ತಿಂದರೆ ನಮ್ಮ ಹಿರಿಯರು ಬೈಯುತ್ತಿರಲಿಲ್ಲ, "ಅದರ ಪಾಲು ಅದಕ್ಕೆ" ಅನ್ನುತ್ತಿದ್ದರು. ಪಿತೃಪಕ್ಷದಲ್ಲಿ ಎಡೆ ಇಟ್ಟು ಕಾಗೆಗಾಗಿ ಕಾಯುತ್ತೇವೆ. ಮಲೆನಾಡಿನ ಕಡೆ ಹೊಸ ಭತ್ತದ ತೆನೆಗಳನ್ನು ಗೊಂಚಲು ಕಟ್ಟಿ ಮನೆ ಮುಂದೆ ತೂಗುಹಾಕುವುದನ್ನು ನೀವು ನೋಡಿರಬಹುದು. ಅದು ಮನೆಗೆ ಶೋಭೆಯೂ ಹೌದು, ಗುಬ್ಬಚ್ಚಿಗೆ ಊಟವೂ ಹೌದು. ನಾನು ಉಪಾಧ್ಯಾಯನಾಗಿ ವಿಜಯಪುರ ಜಿಲ್ಲೆಯಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ಎಳ್ಳಮಾವಾಸ್ಯೆ ಬಂದರೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಎಲ್ಲ ಮಾಡಿಕೊಂಡು ಹೋಗಿ, ಊಟಕ್ಕೆ ಕೂರುವ ಮೊದಲು ಹೊಲದ ತುಂಬ ಅದನ್ನು ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅಂತ ಹೆಸರು. ಭೂತಾಯಿಗೆ ನೈವೇದ್ಯ ಅಂತ ಮಾಡುವ ಕೆಲಸ. ಆ ಹೊತ್ತಿಗೆ ಹೊಲದಲ್ಲಿ ಬಿಳಿಜೋಳ, ಕಡಲೆ ನಿಂತಿರುತ್ತವೆ. ಚರಗ ತಿನ್ನಲು ಬಂದ ಹಕ್ಕಿ ಕಡಲೆ ಗಿಡದ ಕಾಯಿಕೊರಕ ಹುಳುವನ್ನೂ ಹೆಕ್ಕಿ ತಿನ್ನುತ್ತದೆ. ಅಲ್ಲಿನ ರೈತರು ಕಡಲೆ ಹೊಲಕ್ಕೆ ಮಂಡಕ್ಕಿ ಎರಚಿ ಹಕ್ಕಿ ಕರೆಯುವುದೂ ಉಂಟು. ಹಿರಿಯರ ಧರ್ಮದಲ್ಲಿ ಲೆಕ್ಕಾಚಾರವೂ ಇತ್ತು ಅನ್ನೋದಕ್ಕೆ ಈ ಮಾತು ಹೇಳಿದೆ.

ಈಗ ನನ್ನ ಹಿತ್ತಲಿಗೆ ಬರೋಣ. ದೊಡ್ಡ ತೋಟ ಏನಲ್ಲ. 30 ಅಡಿ ಉದ್ದ, 20 ಅಡಿ ಅಗಲ. ಒಂದು ಸೀಬೆ, ಒಂದು ಕರಿಬೇವು, ಎರಡು ನುಗ್ಗೆ, ನಾಲ್ಕು ಬಾಳೆ, ಬೇಲಿ ಸಾಲಿಗೆ ದಾಸವಾಳ. ಬಚ್ಚಲ ನೀರು ಹರಿಯುವ ಕಡೆ ಕೆಸುವು. ಇಷ್ಟಕ್ಕೇ ಬರುವ ಹಕ್ಕಿಗಳನ್ನು ಕೇಳಿ: ಗುಬ್ಬಚ್ಚಿ, ಗೊರವಂಕ, ಕಾಗೆ, ಬೆಳವ, ಪಿಕಳಾರ, ಸೂರಕ್ಕಿ, ಟುವ್ವಿಹಕ್ಕಿ, ಮಡಿವಾಳ ಹಕ್ಕಿ, ಗುಂಪು ಕಟ್ಟಿಕೊಂಡು ಜಗಳವಾಡುತ್ತಾ ಬರುವ ಹರಟೆಮಲ್ಲ. ಕರಿಬೇವಿನ ಹಣ್ಣು ಕಪ್ಪಾದಾಗ ಕೋಗಿಲೆ. ಸಂಜೆ ನುಗ್ಗೆಯ ಕೊಂಬೆ ಮೇಲೆ ಹಾಲಕ್ಕಿ.

ಇವಕ್ಕೆಲ್ಲ ಒಂದೇ ಊಟ ಅಲ್ಲ. ಇದೇ ಮೊದಲು ತಿಳಿಯಬೇಕಾದ್ದು. ಕೊಕ್ಕು ನೋಡಿದರೆ ಊಟ ಗೊತ್ತಾಗುತ್ತದೆ. ಗುಬ್ಬಚ್ಚಿ, ರಾಟವಾಳದ್ದು ಮೋಟು ಗಟ್ಟಿ ಕೊಕ್ಕು, ಕಾಳು ಒಡೆಯೋದಕ್ಕೆ. ಸೂರಕ್ಕಿಯದು ಬಾಗಿದ ಸೂಜಿ, ಹೂವಿನೊಳಗಿನ ಜೇನಿಗೆ. ಟುವ್ವಿಯದು ಸಣ್ಣ ಚಿಮಟ, ಎಲೆ ಅಡಿಯ ಹುಳು ತೆಗೆಯೋದಕ್ಕೆ. ನಾವು ತಟ್ಟೆಯಲ್ಲಿ ಅಕ್ಕಿ ಇಟ್ಟು "ಬರ್ಲಿಲ್ಲವಲ್ಲ" ಅಂತ ಕೊರಗಿದರೆ, ಟುವ್ವಿಹಕ್ಕಿಗೆ ಅದು ಊಟವೇ ಅಲ್ಲ.

ಕಾಳು ತಿನ್ನುವ ಹಕ್ಕಿಗೆ ಏನು ಹಾಕಬೇಕು? ನವಣೆ, ಸಜ್ಜೆ, ರಾಗಿ, ನುಚ್ಚಕ್ಕಿ. ಒಂದು ಹಿಡಿ, ಬೆಳಗ್ಗೆ ಹೊತ್ತು ಹುಟ್ಟಿದ ಮೇಲೆ. ಬೆಳಗ್ಗೆ ಹತ್ತರ ಹೊತ್ತಿಗೆ ಖಾಲಿಯಾಗುವಷ್ಟು ಮಾತ್ರ. ಉಳಿದಿದ್ದರೆ ಗುಡಿಸಿ ಕೋಳಿಗೆ ಹಾಕಿ, ಮಾರನೇ ದಿನ ಕಡಿಮೆ ಮಾಡಿ. ಧಾರಾಳವಾಗಿ ಸುರಿದರೆ ರಾತ್ರಿ ಇಲಿ ಬರುತ್ತೆ, ಇಲಿ ಹಿಂದೆ ಹಾವು ಬರುತ್ತೆ. ಪೇಟೆಗಳಲ್ಲಿ ಮೂಟೆಗಟ್ಟಲೆ ಸುರಿದು ಬರೀ ಪಾರಿವಾಳ ಸಾಕಿದ ಹಾಗಾಗಿದೆ. ಅವುಗಳ ಒಣ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಪುಣ್ಯದ ಕೆಲಸಕ್ಕೂ ಅಳತೆ ಬೇಕು.

ಹಾಕಬಾರದ್ದು ಯಾವುದು? ಉಪ್ಪು, ಎಣ್ಣೆ, ಖಾರ ಇರುವ ಯಾವುದೂ ಬೇಡ. ನಾವು ತಿಂದು ಉಳಿದ ಉಪ್ಪಿಟ್ಟು, ಚಿತ್ರಾನ್ನ, ಖಾರ ಮಿಕ್ಸ್ಚರ್ ಹಾಕಬೇಡಿ. ಅಷ್ಟು ಪುಟ್ಟ ಜೀವದ ಮೂತ್ರಪಿಂಡ ನಮ್ಮ ಉಪ್ಪನ್ನು ತಾಳೋದಿಲ್ಲ. ಬೂಷ್ಟು ಹಿಡಿದ ಕಡಲೇಕಾಯಿ, ಹಳಸಿದ ಬ್ರೆಡ್ಡು ಬೇಡವೇ ಬೇಡ. "ಮನುಷ್ಯ ತಿನ್ನೋಕಾಗಲ್ಲ, ಹಕ್ಕಿಗಾದ್ರೂ ಹಾಕೋಣ" ಅನ್ನುವ ಬುದ್ಧಿ ನಮ್ಮಲ್ಲಿ ಇದೆ. ನನ್ನಲ್ಲೂ ಇತ್ತು. ಅದರಿಂದ ಏನಾಯ್ತು ಅಂತ ಮುಂದೆ ಹೇಳ್ತೀನಿ.

ಕಾಳಿಗಿಂತ ನೀರು ದೊಡ್ಡದು. ಹಕ್ಕಿಗೆ ಬೆವರು ಬರುವುದಿಲ್ಲ. ಬಿಸಿಲಲ್ಲಿ ಕಾಗೆ ಬಾಯಿ ತೆರೆದು ಏದುಸಿರು ಬಿಡುವುದನ್ನು ನೋಡಿದ್ದೀರಲ್ಲ, ಅದು ಮೈ ತಣಿಸಿಕೊಳ್ಳುವ ರೀತಿ. ಅದಕ್ಕೆ ನೀರು ಬೇಕು. ಮೊದಲು ದನ ಕುಡಿಯುವ ತೊಟ್ಟಿ, ಬಾವಿಕಟ್ಟೆಯ ಹೊಂಡ, ಕೆರೆ ಅಂಚು ಎಲ್ಲ ಇದ್ದವು. ಈಗ ಕೊಳವೆಬಾವಿ ನೀರು ಪೈಪಿನಲ್ಲೇ ಹೋಗಿ ಪೈಪಿನಲ್ಲೇ ಮುಗಿಯುತ್ತೆ, ಹಕ್ಕಿಗೆ ತೊಟ್ಟೂ ಕಾಣಿಸೋದಿಲ್ಲ. ಎರಡು ಅಂಗುಲಕ್ಕಿಂತ ಆಳವಿಲ್ಲದ ಅಗಲವಾದ ಮಣ್ಣಿನ ತಟ್ಟೆ ಇಡಿ. ನಡುವೆ ಒಂದು ಕಲ್ಲಿಡಿ, ಸಣ್ಣ ಹಕ್ಕಿ ಅದರ ಮೇಲೆ ಕೂತು ಕುಡಿಯುತ್ತೆ, ಬಿದ್ದ ಜೇನ್ನೊಣವೂ ಹತ್ತಿಕೊಳ್ಳುತ್ತೆ. ಬೆಕ್ಕು ಅವಿತುಕೊಳ್ಳುವಂಥ ಪೊದೆಗೆ ತೀರಾ ಒತ್ತಿ ಇಡಬೇಡಿ, ಏಳೆಂಟು ಅಡಿ ದೂರ ಇರಲಿ. ಆದರೆ ಹಾರಿ ಕೂರಲು ಹತ್ತಿರದಲ್ಲಿ ಒಂದು ಕೊಂಬೆ ಬೇಕು.

ನೀರನ್ನು ದಿನಾ ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಹೊಸದು ತುಂಬಬೇಕು. ವಾರಗಟ್ಟಲೆ ಬಿಟ್ಟರೆ ಸೊಳ್ಳೆ ಮರಿ ಆಗುತ್ತೆ. ಹಕ್ಕಿಗೆ ನೀರಿಟ್ಟು ಮನೆಗೆ ಡೆಂಗೂ ತಂದುಕೊಂಡ ಹಾಗಾಗುತ್ತೆ. ತಟ್ಟೆ ಕೊಳಕಾಗಿದ್ದರೆ ಒಂದು ಹಕ್ಕಿಯ ಕಾಯಿಲೆ ಇನ್ನೊಂದಕ್ಕೆ ಹತ್ತುತ್ತೆ. 2021ರ ಆರಂಭದಲ್ಲಿ ದೇಶದ ಹಲವು ರಾಜ್ಯಗಳಲ್ಲಿ ಹಕ್ಕಿಜ್ವರ ಬಂದದ್ದು ನೆನಪಿರಬಹುದು. ನಾಟಿ ಕೋಳಿ ಸಾಕಿದವರು ಕೋಳಿಯ ನೀರು, ಕಾಡುಹಕ್ಕಿಯ ನೀರು ಬೇರೆ ಬೇರೆ ಇಡಿ. ಸತ್ತ ಹಕ್ಕಿಯನ್ನು ಬರಿಗೈಲಿ ಮುಟ್ಟಬೇಡಿ. ಮಕ್ಕಳು ತಟ್ಟೆ ತೊಳೆದ ಮೇಲೆ ಕೈಗೆ ಸೋಪು ಹಾಕಬೇಕು.

ಇನ್ನು ಮುಖ್ಯವಾದ ಮಾತು. ಗುಬ್ಬಚ್ಚಿ ಕಾಳು ತಿನ್ನುವ ಹಕ್ಕಿ ಅಂತ ನಾವು ತಿಳಿದಿದ್ದೇವೆ. ಆದರೆ ಮರಿಗೆ ಅದು ಕಾಳು ತಿನ್ನಿಸೋದಿಲ್ಲ. ಮೊಟ್ಟೆಯೊಡೆದು ಬಂದ ಮರಿಗೆ ಬೇಕಾದ್ದು ಮೆತ್ತನೆ ಹುಳು, ಕಂಬಳಿಹುಳು, ಸಣ್ಣ ಮಿಡತೆ. ಗೀಜಗವೂ ಹಾಗೇ. ಜೇನು ಕುಡಿಯುವ ಸೂರಕ್ಕಿ ಕೂಡ ಮರಿಗೆ ಜೇಡ, ಹುಳು ಹುಡುಕಿ ತರುತ್ತೆ. ಹಸುಗೂಸಿಗೆ ಹಾಲು ಹೇಗೋ ಹಕ್ಕಿಮರಿಗೆ ಹುಳು ಹಾಗೆ. ನಾವು ಅಂಗಳದಲ್ಲಿ ನವಣೆ ಚೆಲ್ಲಿ, ಹಿತ್ತಲಿನ ಬದನೆ ಗಿಡಕ್ಕೆ ವಾರಕ್ಕೊಮ್ಮೆ ಔಷಧಿ ಹೊಡೆದರೆ, ತಾಯಿಗೆ ಊಟ ಹಾಕಿ ಮಗುವಿನ ಹಾಲು ಕಸಿದುಕೊಂಡಂತೆ.

ಇದನ್ನು ತಿಳಿಯದೆ ಒಂದು ದೊಡ್ಡ ದೇಶವೇ ಪೆಟ್ಟು ತಿಂದಿದೆ. 1958ರಲ್ಲಿ ಚೀನಾದಲ್ಲಿ ಇಲಿ, ನೊಣ, ಸೊಳ್ಳೆಗಳ ಜೊತೆ ಗುಬ್ಬಚ್ಚಿಯನ್ನೂ ಶತ್ರು ಅಂತ ಸಾರಿ, ತಮಟೆ, ತಟ್ಟೆ ಬಾರಿಸಿ, ಕೂರಲು ಬಿಡದೆ ಹಾರಿಸಿ ಹಾರಿಸಿ ಕೊಂದರು. ಕಾಳು ಉಳಿಯುತ್ತೆ ಅಂತ ಲೆಕ್ಕ. ಆದದ್ದು ಬೇರೆ. ತಿನ್ನುವ ಹಕ್ಕಿ ಇಲ್ಲದೆ ಮಿಡತೆ, ಹುಳು ಹೆಚ್ಚಾದವು. 1960ರಲ್ಲಿ ಪಟ್ಟಿಯಿಂದ ಗುಬ್ಬಚ್ಚಿಯನ್ನು ತೆಗೆದು ಆ ಜಾಗಕ್ಕೆ ತಿಗಣೆಯನ್ನು ಸೇರಿಸಿದರು. ಅಷ್ಟರಲ್ಲಿ ಅಲ್ಲಿ ಘೋರ ಕ್ಷಾಮ ಹಬ್ಬಿತ್ತು. ಕ್ಷಾಮಕ್ಕೆ ಬೇರೆ ಕಾರಣಗಳೂ ಇದ್ದವು, ಇದೂ ಒಂದು ಸೇರಿಕೊಂಡಿತು.

ನಮ್ಮಲ್ಲಿ ಗುಬ್ಬಚ್ಚಿ ನಿರ್ನಾಮವಾಯ್ತು, ಮೊಬೈಲ್ ಟವರೇ ಕಾರಣ ಅಂತ ಜನ ಹೇಳ್ತಾರೆ. 2020ರಲ್ಲಿ ದೇಶದ ಹಕ್ಕಿಗಳ ಸ್ಥಿತಿಗತಿ ಬಗ್ಗೆ ಒಂದು ದೊಡ್ಡ ವರದಿ ಬಂತು. ಒಟ್ಟಾರೆ ದೇಶದಲ್ಲಿ ಗುಬ್ಬಚ್ಚಿ ಸುಮಾರಾಗಿ ಉಳಿದುಕೊಂಡಿದೆ, ದೊಡ್ಡ ನಗರಗಳಲ್ಲಿ ಕಡಿಮೆಯಾಗಿದೆ ಅಂತ ಅದರಲ್ಲಿ ಇದೆ. ಅಂದರೆ ಹಳ್ಳಿಯವರಾದ ನಮ್ಮ ಕೈಯಲ್ಲಿ ಇನ್ನೂ ಅದು ಉಳಿದಿದೆ. ಹೆಂಚಿನ ಮನೆಯ ಸೂರಿನಲ್ಲಿ ಅದಕ್ಕೆ ಸಂದು ಇತ್ತು, ಆರ್‌ಸಿಸಿ ಮನೆಯಲ್ಲಿ ಇಲ್ಲ. ಒಂದು ಹಲಗೆ ಪೆಟ್ಟಿಗೆಗೆ ಒಂದೂಕಾಲು ಅಂಗುಲದ ತೂತು ಮಾಡಿ, ಎಂಟು ಹತ್ತಡಿ ಎತ್ತರದಲ್ಲಿ, ಬಿಸಿಲು ಮಳೆ ತಾಗದ ಗೋಡೆಗೆ ಹೊಡೆದರೆ ಸಾಕು. ನಮ್ಮ ಕೊಟ್ಟಿಗೆಯಲ್ಲಿ ಎರಡು ಇವೆ. ಒಂದರಲ್ಲಿ ಪ್ರತಿ ವರ್ಷ ಸಂಸಾರ ನಡೆಯುತ್ತೆ.

ಆದ್ದರಿಂದ ಹಕ್ಕಿಗೆ ಊಟ ಹಾಕುವುದು ಅಂದರೆ ತಟ್ಟೆ ಇಡುವುದಷ್ಟೇ ಅಲ್ಲ, ಗಿಡ ಬೆಳೆಸುವುದು. ದಾಸವಾಳ, ಕೇಪಳ, ಬಾಳೆಹೂವು ಇದ್ದರೆ ಸೂರಕ್ಕಿಗೆ ಸಕ್ಕರೆ ನೀರು ಇಡಬೇಕಿಲ್ಲ. ಕರಿಬೇವಿನಲ್ಲಿ, ಸೀಬೆಯಲ್ಲಿ ಹಕ್ಕಿಗೆ ನಾಲ್ಕು ಹಣ್ಣು ಬಿಡಿ. ಬೇಲಿ ಸಾಲಿಗೆ ಒಂದು ಗಸಗಸೆ ಹಣ್ಣಿನ ಮರ ಹಾಕಿದರೆ ಪಿಕಳಾರದ ಜೊತೆ ಮಕ್ಕಳೂ ತಿನ್ನುತ್ತವೆ. ತರಗೆಲೆ ಎಲ್ಲ ಗುಡಿಸಿ ಸುಡಬೇಡಿ, ಒಂದು ಮೂಲೆಯಲ್ಲಿ ಬಿಡಿ. ಹರಟೆಮಲ್ಲಗಳು ಅದನ್ನು ಕೆದಕಿ ದಿನವಿಡೀ ತಿನ್ನುತ್ತವೆ. ಏನೂ ಮಾಡದೆ ಬಿಡುವುದೂ ಒಂದು ಅನ್ನದಾನವೇ. ಹೊಲದಲ್ಲಿ ಅಲ್ಲಲ್ಲಿ ಟಿ ಆಕಾರದ ಕೋಲು ನೆಟ್ಟರೆ ಕಾಜಾಣ ಬಂದು ಕೂರುತ್ತೆ. ನಮ್ಮ ರಾಜ್ಯಪಕ್ಷಿ ನೀಲಕಂಠವೂ ಹುಳು ಹಿಡಿಯಲು ಅಂಥ ಆಸರೆಯನ್ನೇ ಹುಡುಕುತ್ತೆ. ಕೂಲಿ ಕೇಳದ ಆಳುಗಳು ಅವು.

ಈಗ ನನ್ನ ತಪ್ಪಿನ ಮಾತು. ಇದನ್ನು ಊರಲ್ಲಿ ಯಾರಿಗೂ ಹೇಳಿರಲಿಲ್ಲ, ಇವತ್ತು ಹೇಳ್ತಾ ಇದ್ದೀನಿ.

ಕೆಲವು ವರ್ಷಗಳ ಹಿಂದೆ ಹಸುಗಳಿಗೆ ಅಂತ ಮೇವಿನ ಜೋಳ ಬಿತ್ತಿದೆವು. ಒಂದೂವರೆ ಸೇರಿನಷ್ಟು ಬೀಜ ಉಳಿಯಿತು. ಕೆಂಪು ಬಣ್ಣ ಬಳಿದ ಬೀಜ. ಅದು ಉಪಚಾರ ಮಾಡಿದ ಬೀಜ, ಇರುವೆ, ಹುಳು, ಬೂಷ್ಟು ಹಿಡಿಯದಿರಲಿ ಅಂತ ವಿಷ ಲೇಪಿಸಿರುತ್ತಾರೆ ಅಂತ ನನಗೆ ಗೊತ್ತಿಲ್ಲದೆ ಇರಲಿಲ್ಲ. ಚೀಲದ ಮೇಲೆ ಎಚ್ಚರಿಕೆ ಇತ್ತು, ಓದಿದ್ದೆ. ಮಕ್ಕಳಿಗೆ ಓದು ಕಲಿಸಿದವನು ನಾನು. ಆದರೂ "ಎಸೆಯೋದು ಯಾಕೆ, ಎರಡು ಸಲ ತೊಳೆದ್ರೆ ಬಣ್ಣ ಹೋಗುತ್ತೆ" ಅಂದುಕೊಂಡು, ತೊಳೆದು, ಒಣಗಿಸಿ, ಬೆಳಗ್ಗೆ ಹಿತ್ತಲಿಗೆ ಎರಡು ಹಿಡಿ ಹಾಕಿದೆ.

ಆಗ ನನ್ನ ಮೊಮ್ಮಗಳು ಮೂರನೇ ತರಗತಿ. ದಿನಾ ಬೆಳಗ್ಗೆ ಎಷ್ಟು ಹಕ್ಕಿ ಬಂದವು ಅಂತ ಒಂದು ನೋಟ್ ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದಳು. ಶಾಲೆಯಿಂದ ಬಂದವಳು ಹಿತ್ತಲಿಂದಲೇ ಕೂಗಿದಳು, "ತಾತ, ಬೆಳವ ಮಲಗಿಬಿಟ್ಟಿದೆ." ಹೋಗಿ ನೋಡಿದರೆ ಬಾಳೆ ಬುಡದಲ್ಲಿ ನಾಲ್ಕು ಬೆಳವ, ಬೇಲಿ ಹತ್ತಿರ ಮೂರು ಗುಬ್ಬಚ್ಚಿ. ಒಂದು ಗುಬ್ಬಚ್ಚಿ ಇನ್ನೂ ರೆಕ್ಕೆ ಬಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಉಳಿದ ಕಾಳನ್ನೆಲ್ಲ ಗುಡಿಸಿ, ಹಕ್ಕಿಗಳ ಜೊತೆಗೇ ಆಳವಾಗಿ ಗುಂಡಿ ತೋಡಿ ಮುಚ್ಚಿದೆ. ಬೆಕ್ಕು ಹಿಡಿಯಿತು ಅಂತ ಮಗುವಿಗೆ ಸುಳ್ಳು ಹೇಳಿದೆ. ಅವಳು ಗುಂಡಿಯ ಹತ್ತಿರ ಬಿದ್ದಿದ್ದ ಒಂದು ಕಾಳನ್ನು ಎತ್ತಿ ತೋರಿಸಿ, "ಇದು ನಾವು ಹೊಲದಲ್ಲಿ ಬಿತ್ತಿದ್ದಲ್ವಾ ತಾತ?" ಅಂದಳು. ನಾನು ಉತ್ತರ ಕೊಡಲಿಲ್ಲ.

ಆ ನೋಟ್ ಬುಕ್ಕಿನಲ್ಲಿ ಆಮೇಲೆ ಸುಮಾರು ದಿನ ಗೀಟು ಬೀಳಲಿಲ್ಲ. ಒಂದು ದಿನ ಅವಳನ್ನು ಕೂರಿಸಿಕೊಂಡು ನಿಜ ಹೇಳಿದೆ. ಬೈಯಲಿಲ್ಲ, ಅಳಲೂ ಇಲ್ಲ. "ಇನ್ಮೇಲೆ ನಾವು ತಿನ್ನೋದನ್ನೇ ಹಾಕೋಣ" ಅಂದಳು. ಈಗ ನಮ್ಮ ಮನೆಯ ಕಾನೂನು ಅದೇ. ನಮ್ಮ ಬಾಯಿಗೆ ಹಾಕಿಕೊಳ್ಳಲಾಗದ ಕಾಳು ಹಕ್ಕಿಯ ಬಾಯಿಗೂ ಬೇಡ.

ಪಕ್ಷಿತಜ್ಞ ಸಲೀಂ ಅಲಿ ಅವರ ಹೆಸರು ಕೇಳಿದ್ದೀರಿ. ನಮ್ಮ ಹಳೇ ಮೈಸೂರು ಸಂಸ್ಥಾನದಲ್ಲೂ ಸುತ್ತಾಡಿ ಹಕ್ಕಿಗಳ ಸಮೀಕ್ಷೆ ಮಾಡಿದವರು. ಹುಡುಗನಾಗಿದ್ದಾಗ ಅವರು ಏರ್ ಗನ್ನಿನಿಂದ ಒಂದು ಗುಬ್ಬಚ್ಚಿ ಹೊಡೆದರು. ಅದರ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಇದು ಯಾವ ಹಕ್ಕಿ ಅಂತ ಕೇಳಲು ಹೋದವರು ಜೀವನಪೂರ್ತಿ ಹಕ್ಕಿಗಳ ಹಿಂದೆಯೇ ಹೋದರು. 1985ರಲ್ಲಿ ಬಂದ ಆತ್ಮಕಥೆಗೂ ಆ ಗುಬ್ಬಚ್ಚಿಯ ಹೆಸರನ್ನೇ ಇಟ್ಟರು. ಅವರೆಲ್ಲಿ, ನಾನೆಲ್ಲಿ. ಆದರೆ ಕೈಯಿಂದ ಸತ್ತ ಹಕ್ಕಿ ಮನುಷ್ಯನಿಗೆ ಪಾಠ ಹೇಳುತ್ತೆ ಅನ್ನೋದು ನನಗೆ ಅನುಭವಕ್ಕೆ ಬಂತು.

ನನ್ನ ಹಿತ್ತಲಲ್ಲಿ ಸತ್ತದ್ದು ಏಳು. ಈಗ ಹಾಲಿನ ಸಂಘಕ್ಕೂ ಹಕ್ಕಿಗೂ ಇರುವ ಸಂಬಂಧ ಹೇಳ್ತೀನಿ, ಅಲ್ಲಿ ಸತ್ತದ್ದು ಲಕ್ಷಗಟ್ಟಲೆ. ನಾನು ಹುಡುಗನಾಗಿದ್ದಾಗ ಊರಾಚೆ ಸತ್ತ ದನ ಎಳೆದುಹಾಕಿದರೆ ರಣಹದ್ದುಗಳು ಇಳಿಯುತ್ತಿದ್ದವು. ಸಂಜೆ ಹೊತ್ತಿಗೆ ಬರೀ ಎಲುಬು. 1990ರ ದಶಕದಲ್ಲಿ ಅವು ದೇಶದ ತುಂಬ ಸಾಯತೊಡಗಿದವು. ಒಂದು ಜಾತಿಯಂತೂ ಹದಿನೈದು ವರ್ಷದಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಹೋಗಿಬಿಟ್ಟಿತು. ಕಾರಣ ಗೊತ್ತಾದದ್ದು 2004ರ ಹೊತ್ತಿಗೆ. ಹಸುವಿಗೆ ನೋವು, ಬಾವು ಅಂತ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ. ಆ ಔಷಧಿ ಮೈಯಲ್ಲಿರುವಾಗಲೇ ಹಸು ಸತ್ತು, ಆ ಮಾಂಸ ತಿಂದರೆ ಹದ್ದಿನ ಮೂತ್ರಪಿಂಡ ನಿಂತುಹೋಗುತ್ತದೆ. ಕೊಟ್ಟವನಿಗೆ ಹಸು ಬದುಕಲಿ ಅನ್ನೋದು ಬಿಟ್ಟರೆ ಬೇರೆ ಆಸೆ ಇರಲಿಲ್ಲ. ಹದ್ದಿಗೆ ನಾವು ಉಣಿಸುತ್ತಿದ್ದೇವೆ ಅಂತ ಯಾರಿಗೂ ಗೊತ್ತಿರಲಿಲ್ಲ. ಹದ್ದು ಹೋದ ಮೇಲೆ ಹೆಣ ತಿನ್ನಲು ಬೀದಿನಾಯಿ ಹೆಚ್ಚಿದವು, ಅದರಿಂದ ಹುಚ್ಚುನಾಯಿ ಭಯ ಮನುಷ್ಯನಿಗೇ ತಿರುಗಿ ಬಂತು.

2006ರಲ್ಲಿ ಸರ್ಕಾರ ದನಗಳಿಗೆ ಆ ಔಷಧಿ ತಯಾರಿಸುವುದನ್ನು ನಿಷೇಧಿಸಿತು. ಮನುಷ್ಯರ ದೊಡ್ಡ ಸೀಸೆಯನ್ನೇ ದನಕ್ಕೆ ಚುಚ್ಚುವ ಕಳ್ಳದಾರಿ ಹಿಡಿದಾಗ, 2015ರಲ್ಲಿ ಸೀಸೆಯನ್ನು 3 ಮಿಲಿಗೆ ಇಳಿಸಿದರು. 2023ರಲ್ಲಿ ಇದೇ ಬಗೆಯ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಪಶುಗಳಿಗೆ ನಿಷೇಧವಾದವು. ಮೆಲಾಕ್ಸಿಕಾಮ್ ಎಂಬ ಔಷಧಿ ಹದ್ದಿಗೆ ತೊಂದರೆ ಮಾಡೋದಿಲ್ಲ ಅಂತ ಪರೀಕ್ಷೆ ಮಾಡಿ ತಿಳಿದಿದ್ದಾರೆ, ಹಸುವಿಗೂ ಅದು ಕೆಲಸ ಮಾಡುತ್ತೆ. ಶೋಲೆ ಚಿತ್ರ ತೆಗೆದ ರಾಮನಗರದ ರಾಮದೇವರ ಬೆಟ್ಟದಲ್ಲಿ ಕೆಲವೇ ಹದ್ದುಗಳು ಉಳಿದಿದ್ದವು. 2012ರಲ್ಲಿ ಅದನ್ನು ರಣಹದ್ದುಗಳ ವನ್ಯಧಾಮ ಮಾಡಿದರು. ಆ ಬೆಟ್ಟವನ್ನು ಕಾಯುವುದು ಅರಣ್ಯ ಇಲಾಖೆ ಒಂದೇ ಅಲ್ಲ, ಸುತ್ತಲಿನ ಕೊಟ್ಟಿಗೆಗಳೂ ಕಾಯಬೇಕು.

ಹಾಗಾದರೆ ನಾವೇನು ಮಾಡಬಹುದು? ಒಬ್ಬ ಮಾಡಿದರೆ ಹವ್ಯಾಸ, ಊರು ಮಾಡಿದರೆ ಸಹಕಾರ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಿ. ಊರೊಳಗಿನ ಹುಣಸೆಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಜನ ಅವನ್ನು ಮನೆಮಕ್ಕಳಂತೆ ನೋಡಿಕೊಂಡರು, ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಆದರೆ ಮೊದಲು ಕಾಪಾಡಿದವರು ಊರಿನವರೇ.

ನಮ್ಮ ಸಂಘದ ಮುಂದೆ ಮೂರು ಕೋರಿಕೆ ಇಡ್ತೀನಿ. ಒಂದು, ಬಿತ್ತಿ ಉಳಿದ ಬಣ್ಣದ ಬೀಜವನ್ನು ಯಾರೂ ಅಂಗಳಕ್ಕೆ, ತಿಪ್ಪೆಗೆ ಚೆಲ್ಲಬಾರದು. ಸಂಘದ ಫಲಕದಲ್ಲಿ "ಇಂಥವರ ಹತ್ತಿರ ಬೀಜ ಉಳಿದಿದೆ" ಅಂತ ಬರೆದರೆ ಬೇಕಾದವರು ಬಿತ್ತನೆಗೆ ಒಯ್ಯುತ್ತಾರೆ. ಇಲಿ ಪಾಷಾಣದ ಕಾಳನ್ನೂ ಬಯಲಲ್ಲಿ ಇಡಬೇಡಿ. ಎರಡು, ಹಸುವಿಗೆ ನೋವಿನ ಇಂಜೆಕ್ಷನ್ ಕೊಡಿಸುವಾಗ "ಇದು ಯಾವುದು ಡಾಕ್ಟ್ರೇ?" ಅಂತ ಒಂದು ಮಾತು ಕೇಳಿ. ಕೇಳೋದಕ್ಕೆ ನಾಚಿಕೆ ಬೇಡ. ಮೂರು, ಹಾಲು ಅಳೆಯುವ ಕಟ್ಟಡದ ಪಕ್ಕದ ಹೊಂಗೆ ಮರದ ಕೆಳಗೆ ಒಂದು ನೀರಿನ ತಟ್ಟೆ ಇಡೋಣ. ದಿನಾ ತೊಳೆಯುವ ಜವಾಬ್ದಾರಿ ಶಾಲಾ ಮಕ್ಕಳದ್ದು, ಅವರು ತೊಳೆದರೋ ಇಲ್ಲವೋ ಅಂತ ನೋಡುವುದು ನನ್ನದು.

ಮಕ್ಕಳಿಗೆ ಒಂದು ಮಾತು. ಗಿಳಿ, ರಾಟವಾಳ ಹಿಡಿದು ಪಂಜರದಲ್ಲಿ ಇಡಬೇಡಿ, ಅದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ನೋಡುವ ಆಸೆ ಇದ್ದರೆ ತಟ್ಟೆ ಇಟ್ಟು, ದೂರ ಕೂತು, ನೋಟ್ ಬುಕ್ಕಿನಲ್ಲಿ ಗೀಟು ಹಾಕಿ.

ಒಂದು ಅಗುಳು ಕಂಡ ಕಾಗೆ ಬಳಗವನ್ನೆಲ್ಲ ಕರೆಯುತ್ತದಲ್ಲ ಅಂತ ಬಸವಣ್ಣನವರು ಅದನ್ನು ಮನುಷ್ಯರಿಗೆ ಮಾದರಿಯಾಗಿ ತೋರಿಸಿದರು. ಸಹಕಾರ ಸಂಘದ ಪಾಠವೂ ಅದೇ. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಊರವರು ಚೂರುಪಾರು ಹಣವನ್ನೇ ಕೂಡಿಸಿದ್ದು. ನಾವೂ ಒಂದು ಲೋಟ, ಎರಡು ಲೋಟ ಹಾಲು ಕೂಡಿಸಿಯೇ ಇಪ್ಪತ್ತೈದು ವರ್ಷ ನಡೆಸಿದ್ದೇವೆ. ಆ ಬಳಗದಲ್ಲಿ ಹಕ್ಕಿಗೂ ಒಂದು ಷೇರು ಇರಲಿ. ಅದು ಲಾಭಾಂಶ ಕೇಳೋದಿಲ್ಲ. ನಾವು ಹಾಕುವ ಕಾಳು ಶುದ್ಧವಾಗಿರಲಿ ಅಂತ ಮಾತ್ರ ಕೇಳುತ್ತೆ.

ನನ್ನ ಮೊಮ್ಮಗಳ ನೋಟ್ ಬುಕ್ಕು ಈಗ ನಾಲ್ಕನೆಯದು ನಡೀತಾ ಇದೆ. ನಿನ್ನೆ ಬೆಳಗ್ಗೆ ಇಪ್ಪತ್ತಮೂರು ಗೀಟು. ಅದರಲ್ಲಿ ಬೆಳವ ಆರು.

 ಸಂಘ ಬೆಳ್ಳಿಹಬ್ಬದಿಂದ ಚಿನ್ನದ ಹಬ್ಬಕ್ಕೆ ನಡೆಯಲಿ ಎಂದು ಹಾರೈಸಿ ನನ್ನ ಎರಡು ಮಾತು ಮುಗಿಸುತ್ತೇನೆ.